ಮೂವತ್ತೇಳು ಹನಿ ರಕ್ತ

ಮರಿಲಿಂಗಪ್ಪನಿಗೆ ಬೆರಳು ಚುಚ್ಚುವುದನ್ನು ಕಲಿಸಿದವನೇ ಹುಲಗಪ್ಪ. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಬೇಕು, ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಬೇಕು, ಒಣಗಿದ ಮೇಲೆ ಆ ರಕ್ತದ ಮೇಲೇ ಪೆನ್ಸಿಲ್ಲಿನಿಂದ ನಂಬರು ಬರೆಯಬೇಕು. ನೋಡಲು ಇಷ್ಟೇ. ಆದರೆ ಅಳುವ ಕೂಸಿನ ಕೈ ಹಿಡಿಯುವ ರೀತಿ ಬೇರೆ, ಭತ್ತದ ಗದ್ದೆಯಿಂದ ಎದ್ದು ಬಂದ ಹೆಂಗಸಿನ ಕೆಸರುಗೈ ಹಿಡಿಯುವ ರೀತಿ ಬೇರೆ. ಅದನ್ನೆಲ್ಲ ಒಂಬತ್ತು ವರ್ಷದ ಹಿಂದೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಕೆಂಭಾವಿ ಕಡೆಯ ಕಾಲುವೆ ದಂಡೆಯ ಹನ್ನೊಂದು ಊರು ತಿರುಗಿಸಿ ಕಲಿಸಿದ್ದ. ಅಂಥ ಮರಿಲಿಂಗಪ್ಪ ಈಗ ಪರ್ಮನೆಂಟ್. ಹದಿನಾಲ್ಕು ವರ್ಷ ದುಡಿದ ಹುಲಗಪ್ಪ ಇನ್ನೂ ಗುತ್ತಿಗೆಯವನು.

ಯಾದಗಿರಿ ಜಿಲ್ಲೆಯಾದ ಮೇಲೆ ಮಲೇರಿಯಾ ಕೆಲಸಕ್ಕೂ ಕಂಪ್ಯೂಟರ್ ಬಂದಿತ್ತು. ಇದ್ದ ಒಂದು ಹುದ್ದೆ ಬೇಕಾದವರು ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು ಎಂಬ ಸುತ್ತೋಲೆ ಮರಿಲಿಂಗಪ್ಪನ ಕೈಗೆ ಬಂದು ಅಲ್ಲಿಯೇ ನಿಂತುಬಿಟ್ಟಿತು. 'ಅವ್ವಗ ಆರಾಮಿಲ್ಲ' ಎಂದು ಮೂರು ತಿಂಗಳು ಸುರಪುರಕ್ಕೆ ಓಡಾಡಿದವನು ಅಲ್ಲಿ ಕುಳಿತು ಟೈಪು ಕಲಿಯುತ್ತಿದ್ದ. ಆ ಅವ್ವನಿಗೆಂದು ಹುಲಗಪ್ಪ ಎರಡು ಸಲ ಮೋಸಂಬಿ ಕಳಿಸಿದ್ದ. ಹುದ್ದೆ ಹೋದ ಸಂಕಟಕ್ಕಿಂತ ಆ ಮೋಸಂಬಿಯ ಸಂಕಟವೇ ಅವನಿಗೆ ದೊಡ್ಡದಾಗಿತ್ತು. ನಕ್ಕೊಂಡು ಸುಲಿದು ತಿಂದಿರಬೇಕು ಮಗ!

ಎದುರಿಗೆ ಸಿಕ್ಕಾಗ ಒಂದೇ ಮಾತು ಕೇಳಿದ್ದ. "ಯಾಕ ಮುಚ್ಚಿಟ್ಟಿ?"

ಮರಿಲಿಂಗಪ್ಪ ತಲೆ ಎತ್ತಲಿಲ್ಲ. "ಇದ್ದದ್ದು ಒಂದೇ ಜಾಗಾ, ಹುಲಗಣ್ಣ. ಮಕ್ಕಳ ಮಾರಿ ನೋಡಿ ಬಾಯಿ ಕಟ್ಟಿತು. ತಪ್ಪಾಗ್ಯಾದ. ನಿನ್ನ ಋಣ ಬ್ಯಾರೆ ರೀತಿ ತೀರಸ್ತೀನಿ."

ಹುಲಗಪ್ಪ ಸೈಕಲ್ ತಿರುಗಿಸಿಕೊಂಡು ಹೊರಟುಹೋದ. ಹತ್ತು ದಿನ ಕೆಲಸಕ್ಕೂ ಹೋಗಲಿಲ್ಲ. ಗುತ್ತಿಗೆಯವರು ತಿಂಗಳಿಗೆ ನೂರು ಜನರ ರಕ್ತ ತೆಗೆಯದಿದ್ದರೆ ಕಂಪ್ಯೂಟರ್ ಹೆಸರು ಕಿತ್ತುಹಾಕುತ್ತದೆ ಎಂದು ಆಸ್ಪತ್ರೆ ಗೋಡೆಗೆ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಅವನ ಹೆಸರಿನ ಮುಂದೆ ಅರವತ್ತಮೂರು ಎಂದಿತ್ತು. ತಿಂಗಳು ಮುಗಿಯಲು ವಾರವೂ ಇರಲಿಲ್ಲ. ಅವನಿಗೆ ಚಿಂತೆಯಿರಲಿಲ್ಲ. ಮರಿಲಿಂಗಪ್ಪನನ್ನು ನೌಕರಿಯಿಂದ ಬೀಳಿಸಿದರೆ ಹನ್ನೊಂದು ಊರಿಗೆ ಉಳಿಯುವವನು ತಾನೊಬ್ಬನೇ. ತನ್ನನ್ನು ಯಾವ ಗಂಡಸು ತೆಗೆಯುತ್ತಾನೆ?

ಬೀಳಿಸುವ ದಾರಿ ಅವನಿಗೆ ಖಾಜಾಬೀಯಿಂದ ಹೊಳೆಯಿತು. ಯಾದಗಿರಿಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಇಪ್ಪತ್ತು ವರ್ಷ ಕುಳಿತ ಹೆಂಗಸು. ಹಳ್ಳಿಗೆ ಹೋಗದೆ ಮನೆಯಲ್ಲೇ ಕುಳಿತು ಕೋಳಿ ರಕ್ತ ಸವರಿ ಕಳಿಸಿದ್ದ ಒಬ್ಬನನ್ನು ಆಕೆ ಒಂದೇ ನೋಟಕ್ಕೆ ಹಿಡಿದು, ಕೆಲಸ ಬಿಡಿಸಿ ಮನೆಗೆ ಕಳಿಸಿದ್ದಳು. ತರಬೇತಿಯಲ್ಲಿ ಅದನ್ನೇ ಹೇಳಿದ್ದಳು: "ಮನಶ್ಯಾರ ರಕ್ತದ ಕಣ ದುಂಡಗ, ನಡುವ ಏನೂ ಇರಂಗಿಲ್ರಿ. ಕೋಳೀದು ಉದ್ದಕ, ನಡುವ ಬೀಜ ಇರ್ತಾದ. ನನ್ನ ಕಣ್ಣಿಗೆ ಮಣ್ಣು ಹಾಕಬ್ಯಾಡ್ರಿ." ಆಕೆಯ ಕಣ್ಣಿಗೆ ಮಣ್ಣು ಹಾಕುವ ಇರಾದೆ ಹುಲಗಪ್ಪನಿಗೆ ಇರಲೇ ಇಲ್ಲ. ಆ ಕಣ್ಣಿಗೆ ಚೊಕ್ಕ ಕಾಣಬೇಕು, ಅಷ್ಟೇ ಅವನಿಗೆ ಬೇಕಾದದ್ದು.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಹುಂಜ ಹಿಡಿದು ಕುಳಿತ. ರೆಕ್ಕೆಯಡಿಯ ನರಕ್ಕೆ ಸೂಜಿ ಚುಚ್ಚಿ ಐವತ್ತು ಪಟ್ಟಿ ಸವರಿದ. ಐವತ್ತೇ ಯಾಕೆಂದರೆ ಲ್ಯಾಬಿಗೆ ಹೋಗುವ ಡಬ್ಬಿ ಹಿಡಿಯುವುದು ಐವತ್ತು, ಮರಿಲಿಂಗಪ್ಪ ಡಬ್ಬಿ ತುಂಬದೆ ಯಾವತ್ತೂ ಕಳಿಸಿದವನಲ್ಲ. ಒಳಗಿನಿಂದ ಹೆಂಡತಿ ದೇವಕ್ಕ ಕೂಗಿದಳು. "ಒಂದು ಹುಂಜ ಕೊಯ್ಯಾಕ ಎಷ್ಟೊತ್ತರಿ? ಖಾರ ಅರದಿಟ್ಟು ಕುಂತೀನಿ." ಹುಂಜ ಸಾರಿಗೆ ಹೋಯಿತು. ಸಾಕ್ಷಿಯನ್ನು ಜೋಳದ ರೊಟ್ಟಿಯ ಜೊತೆ ತಿಂದು ಮುಗಿಸಿದೆ ಎಂದು ಅವನಿಗೆ ಒಳಗೊಳಗೇ ನಗು ಬಂತು.

ಮಧ್ಯಾಹ್ನ ಆಸ್ಪತ್ರೆಗೆ ಹೊರಟಾಗ ಎದುರುಮನೆಯ ಮುದುಕಿ ಸುಗಲಮ್ಮ ಸಿಕ್ಕಳು. ಜ್ವರದಲ್ಲಿ ಕೌದಿ ಹೊದ್ದು ಕಟ್ಟೆಯ ಮೇಲೆ ನಡುಗುತ್ತಿದ್ದಳು.

"ಯಪ್ಪಾ, ಮರಿಲಿಂಗ ಮೊನ್ನಿ ರಕ್ತ ತಗೊಂಡು ಹೋದ. ಹುಲಗಣ್ಣನ ಹೆಸರಿಲೆ ತಗೋತೀನಿ, ಬೆರಳು ಕೊಡು ಅಂದ. ನಿನ್ನ ಹೆಸರು ಅಂದಮ್ಯಾಲ ಕೊಟ್ಟೆ. ಗುಳಿಗಿ ಯಾವಾಗ ಬರ್ತಾವ?"

"ಬರ್ತಾವ, ತಡಿ ಯಮ್ಮ," ಎಂದು ಹುಲಗಪ್ಪ ಹಲ್ಲು ಕಚ್ಚಿದ. ಹುದ್ದೆ ಕಸಿದದ್ದು ಸಾಲದೆಂದು ಈಗ ಊರಲ್ಲಿ ಇದ್ದ ಹೆಸರನ್ನೂ ಬಳಸಿಕೊಳ್ಳುತ್ತಿದ್ದಾನೆ. ಉಳಿದಿದ್ದ ಒಂದಿಷ್ಟು ಅಳುಕೂ ಅಲ್ಲಿಗೆ ಹೋಯಿತು.

ಆಸ್ಪತ್ರೆಯಲ್ಲಿ ನರ್ಸಮ್ಮ ಹೆರಿಗೆ ಕೋಣೆಯೊಳಗಿದ್ದಳು. ಕಪಾಟಿನ ಕೀಲಿಕೈ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿ, ಹದಿನಾಲ್ಕು ವರ್ಷದಿಂದ ಇದ್ದಲ್ಲೇ ಇತ್ತು. ಮರಿಲಿಂಗಪ್ಪನ ಡಬ್ಬಿ ತೆರೆದರೆ ಒಳಗೆ ಮೂವತ್ತೇಳೇ ಪಟ್ಟಿ. ಪರ್ಮನೆಂಟ್ ಆದ ಕೂಡಲೇ ಮೈಗಳ್ಳತನ ಬಂತು ನೋಡು ಎಂದುಕೊಂಡು ಹದಿಮೂರನ್ನು ಜೇಬಿಗೆ ಮರಳಿಸಿದ. ಉಳಿದವುಗಳ ಮೇಲೆ ಒಂದೊಂದೇ ನಂಬರು ನೋಡಿ ಬರೆದು, ಇದ್ದವನ್ನು ತೆಗೆದು ಇವನ್ನು ಡಬ್ಬಿಗೆ ಇಟ್ಟ. ಏಳಕ್ಕೆ ನಡುವೆ ಗೀಟು, ನಾಲ್ಕಕ್ಕೆ ತೆರೆದ ತಲೆ. ಹಾಗೆ ಬರೆಯಲು ಮರಿಲಿಂಗಪ್ಪನಿಗೆ ಕಲಿಸಿದವನೂ ಅವನೇ. ಪಕ್ಕದಲ್ಲಿ, ಡಬ್ಬಿಯ ಜೊತೆ ಹೋಗುವ, ರಕ್ತ ತೆಗೆದವರ ಹೆಸರು ಬರೆಯುವ ನಮೂನೆಯ ಲಕೋಟೆ ಗೋಂದು ಹಚ್ಚಿಕೊಂಡು, ಅಂಚಿನ ಮೇಲೆ ಮರಿಲಿಂಗಪ್ಪನ ಸಹಿ ಹೊತ್ತುಕೊಂಡು ಕುಳಿತಿತ್ತು. ಹುಲಗಪ್ಪ ಅದನ್ನು ಬೆರಳ ತುದಿಯಿಂದಲೂ ಮುಟ್ಟಲಿಲ್ಲ. ಬೇರೆ ಯಾವನಾದರೂ ದಡ್ಡ ಒಡೆದು ನೋಡಿ ಸಿಕ್ಕಿಬೀಳುತ್ತಿದ್ದ. ಆ ಮುಚ್ಚಿದ ಲಕೋಟೆಯೇ ಡಬ್ಬಿಗೆ ಯಾರೂ ಕೈ ಹಾಕಿಲ್ಲ ಎಂಬುದಕ್ಕೆ ಪುರಾವೆ.

ಮನೆಗೆ ಬರುವಾಗ ಮನುಷ್ಯರ ರಕ್ತದ ಮೂವತ್ತೇಳು ಪಟ್ಟಿಗಳನ್ನೂ ಉಳಿದ ಹದಿಮೂರನ್ನೂ ಕಾಲುವೆಗೆ ಎಸೆದ. ಒಂದು ಸುಗಲಮ್ಮನದು ಎಂಬುದು ನೆನಪಾಗಿ ಕೈ ಕ್ಷಣ ತಡೆಯಿತು. ಮುದುಕಿಗೆ ನಾಳೆ ತಾನೇ ಬೇರೆ ರಕ್ತ ತೆಗೆದರಾಯಿತು ಎಂದು ಸಮಾಧಾನ ಮಾಡಿಕೊಂಡ. ನಾಳೆ ಬಂತು, ಹೋಯಿತು. ಅವನು ಸುದ್ದಿ ಕಾಯುತ್ತ ಕುಳಿತಿದ್ದ.

ಬುಧವಾರ ಮಧ್ಯಾಹ್ನ ಫೋನು ಬಂತು. ಮರಿಲಿಂಗಪ್ಪನೇ. ದನಿ ಒಡೆದಿತ್ತು. ಹುಲಗಪ್ಪ ಹೊರಗೆ ಬಂದು, ಕಟ್ಟೆಯ ಮೇಲೆ ಆರಾಮಾಗಿ ಕಾಲು ಚಾಚಿ ಕುಳಿತು, "ಏನಾತೋ ತಮ್ಮ?" ಎಂದ.

"ಹುಲಗಣ್ಣ, ಯಾವ ಹಾಳಾದವ ಮಾಡ್ಯಾನೋ, ಡಬ್ಬ್ಯಾಗ ಇದ್ದದ್ದೆಲ್ಲ ಕೋಳಿ ರಕ್ತ ಅಂತ. ನಿನ್ನ ಹೆಸರು ಕಿತ್ತಿ ಹಾಕ್ಯಾರ, ಪೊಲೀಸರಿಗೂ ಬರದಾರ. ನಿಂದು ನೂರಾಗ್ಲಿ ಅಂತ ಕಡಿಮಿ ಬಿದ್ದದ್ದು ನಾನೇ ತಗದು, ನಮೂನ್ಯಾಗ ನಿನ್ನ ಹೆಸರು ಬರದಿದ್ದೆ. ತಗದವ ನಾನು, ಅವಂದಲ್ರಿ ಅಂತ ಖಾಜಾಬೀ ಅವರ ಕಾಲು ಹಿಡದೆ. ಗೆಳ್ಯಾನ್ನ ಉಳಸಾಕ ಸುಳ್ಳು ಹೇಳಬ್ಯಾಡ ಅಂದ್ರು." ಹುಲಗಪ್ಪ ಚಾಚಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡ. ಎದುರಿನ ಕಟ್ಟೆಯ ಮೇಲೆ ಸುಗಲಮ್ಮ ಇನ್ನೂ ಕೌದಿಯೊಳಗೆ ನಡುಗುತ್ತ ಗುಳಿಗೆಗಾಗಿ ಅವನನ್ನೇ ನೋಡುತ್ತಿದ್ದಳು. ಗೋಡೆಯ ಪಟ್ಟಿಯಲ್ಲಿ ಅರವತ್ತಮೂರು, ಡಬ್ಬಿಯಲ್ಲಿ ಮೂವತ್ತೇಳು. ಎರಡನ್ನೂ ಅವನು ತನ್ನ ಕಣ್ಣಾರೆ ನೋಡಿದ್ದ, ಕೂಡಿಸಿ ಮಾತ್ರ ನೋಡಿರಲಿಲ್ಲ.