ತಿಳಿಹಸಿರು ಬಟ್ಟಲಿನ ಸದ್ದು

"ಬೇರೆ ಏನನ್ನಾದ್ರೂ ಬಳಸಮ್ಮ, ಆ ಮೊಹರು ಹಾಕಿದ ಜಾಡಿ ಮಾತ್ರ ಮುಟ್ಟಬೇಡ," ಎಂದಳು ಮುದುಕಿ, ಬೀಗದ ಕೈ ಕೊಡುತ್ತಾ. ಪಿಂಗಾಣಿ ಮಾಡುತ್ತಿದ್ದ ಗಂಡ ಸತ್ತ ಮೇಲೆ ಅವನ ಕೆಲಸದ ಶೆಡ್ಡನ್ನು ಬಾಡಿಗೆಗೆ ಬಿಟ್ಟಿದ್ದಳು. "ನಮ್ಮನೆಯವರು ತಮ್ಮನ ಮೇಲಿನ ಹಗೆಗೆ ಮಾಟ ಮಾಡಿ ಕಲಸಿದ್ದು ಅದು."

"ಪಾತ್ರೆಗೆ ಹೊಳಪು ಕೊಡೋ ಗ್ಲೇಜಿಗೂ ಮಾಟಾನಾ ಅಜ್ಜಿ? ಒಂದು ಜಾಡಿ ಬೂದಿನೀರು ಅಷ್ಟೆ," ಎಂದು ಹೊಸಬಳು ನಕ್ಕಳು. ಚೀನಾದ ಹಳೇ ಗ್ಲೇಜುಗಳನ್ನು ಅರೆದು ಕುಡಿದವಳು ಅವಳು. ಇಂಥ ಅಂತೆಕಂತೆಗೆಲ್ಲ ಸೊಪ್ಪು ಹಾಕುವವಳಲ್ಲ. ಜಾಡಿ ತೆರೆದಾಗ ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮೂಗು ಮುಚ್ಚಿಕೊಂಡೇ ಒಂದು ಬಟ್ಟಲನ್ನು ಅದ್ದಿದಳು.

ಭಟ್ಟಿಯಿಂದ ಬಟ್ಟಲು ತಿಳಿಹಸಿರಾಗಿ ಹೊರಬಂತು. ಟಿಣ್. ಟಿಣ್. ಮೇಲಿನ ಗ್ಲೇಜ್ ಕುಗ್ಗಿ, ಕೂದಲೆಳೆಯಂಥ ಬಿರುಕು ಬಿಡುವ ಸದ್ದು. ಒಂದೆರಡು ದಿನದಲ್ಲಿ ನಿಲ್ಲಬೇಕು. ಐದನೇ ದಿನವೂ ನಿಲ್ಲಲಿಲ್ಲ. ಅವಳ ಆರು ವರ್ಷದ ಮಗಳಿಗೋ ಆ ಸದ್ದೆಂದರೆ ಖುಷಿ. ಅಂದು ಅದರಲ್ಲೇ ಹಾಲು ಬೇಕೆಂದು ಹಟ ಹಿಡಿದು ಕುಡಿದಳು.

ಬಟ್ಟಲು ತೊಳೆದು, ಬಿರುಕುಗಳು ಎದ್ದು ಕಾಣಲೆಂದು ತಾಯಿ ಅದಕ್ಕೆ ಕರಿಮಸಿ ತಿಕ್ಕತೊಡಗಿದಳು. ಹಳಬರ ಪದ್ಧತಿ ಅದು. ಗೆರೆಗೆರೆಗೂ ಮಸಿ ಇಳಿಯಿತು. ಪಕ್ಕದ ಕೋಣೆಯಲ್ಲಿ ಮಗಳು ಕಿಟಾರನೆ ಕಿರುಚಿದಳು.

ಕೆನ್ನೆ, ಕುತ್ತಿಗೆ, ಪುಟ್ಟ ಕೈಗಳ ತುಂಬ ಕಪ್ಪು ಗೆರೆ. ಬಟ್ಟಲಿನ ಮೇಲಿದ್ದ ಗೆರೆಗಳೇ. ಟಿಣ್. ಹುಬ್ಬಿನ ಮೇಲೆ ಇನ್ನೊಂದು ಮೂಡಿತು.

ಕಿರುಚಾಟ ಕೇಳಿ ಮುದುಕಿ ಓಡಿಬಂದಳು. ಮಗುವನ್ನು ಕಂಡವಳೇ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

"ಒಡೆದುಹಾಕ್ತೀನಿ ಇದನ್ನ!" ಎಂದು ತಾಯಿ ಕೈಲಿದ್ದ ಬಟ್ಟಲನ್ನೆತ್ತಿದಳು.

"ಬೇಡ! ಅದು ಒಡೆದ್ರೆ ಮಗು ಉಳಿಯಲ್ಲ."

"ಮತ್ತೇನು ಮಾಡ್ಲಿ? ಹೇಳಿ ಅಜ್ಜಿ!"

"ಬೇರೆಯವರು ಅದರಲ್ಲಿ ಕುಡಿದ್ರೆ ಅವರಿಗೆ ಹೋಗುತ್ತೆ." ಮುದುಕಿಯ ದನಿ ಉಡುಗಿತು. "ಅವತ್ತು ಇದೇ ಗ್ಲೇಜಿನ ಬಟ್ಟಲನ್ನ ಮೈದುನನಿಗೆ ಅಂತ ಇಟ್ಟಿದ್ರು, ಅವನು ಬರಲೇ ಇಲ್ಲ ಕಣಮ್ಮ. ಅದರಲ್ಲಿ ನನ್ನ ಮಗಳು ಕುಡಿದ್ಲು. ನನಗೆ... ಧೈರ್ಯ ಬರ್ಲಿಲ್ಲ."

ಟಿಣ್. ಮಗುವಿನ ತುಟಿ ಸೀಳಿತು. ತಾಯಿ ಬಟ್ಟಲಿಗೆ ನೀರು ಸುರಿದಳು. ತುಟಿಯ ಬಳಿ ತಂದಳು. ಮಸಿ. ಬೂದಿ. ಸುಟ್ಟ ಕೂದಲಿನ ವಾಸನೆ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದಳು.

ಮಗಳ ಮೈಮೇಲಿನ ಗೆರೆಗಳು ಒಂದೊಂದಾಗಿ ಮಾಸಿದವು. ತಾಯಿ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಐದು ದಿನದಲ್ಲಿ ಮೊದಲ ಸಲ ಬಟ್ಟಲು ಸುಮ್ಮನಿತ್ತು. ಮುದುಕಿ ಮುಖ ತಿರುಗಿಸಿಕೊಂಡಳು.

ಮಗಳು ತಾಯಿಯ ಎದೆಗೆ ಕಿವಿಯಿಟ್ಟಳು. ಅಳು ಮರೆತು ನಕ್ಕಳು.

"ಅಮ್ಮಾ, ಈಗ ನಿನ್ನೊಳಗೆ ಟಿಣ್ ಅಂತಿದೆ!"