ಮೂರನೆಯ ಮೊಳೆ

ಮಡಿವಾಳೆಪ್ಪನವರು ಬೆಳಿಗ್ಗೆ ಜಳಕ ಮುಗಿಸಿ ಬಂದವರು ಪಡಸಾಲೆಯ ಸಾಗವಾನಿ ಕಂಬದ ಬುಡದಲ್ಲಿ ಹೆಣವಾಗಿ ಬಿದ್ದಿದ್ದರು. ಮೈ ಇನ್ನೂ ಒದ್ದೆ. ಬಲಗೈ ಬೆರಳುಗಳು ಸುಟ್ಟು ಕಪ್ಪಾಗಿದ್ದವು. ಮೇಲೆ, ಕಂಬಕ್ಕೆ ಹೊಡೆದ ಮೊಳೆಯಲ್ಲಿ, ಅವರ ವಿಭೂತಿ ಚೀಲ ತೂಗುತ್ತಿತ್ತು.

ಕರೆಂಟ್ ಹೊಡೆದಿದೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಚಚಡಿ ಊರಿನ ಹಾದಿಯಲ್ಲಿದ್ದ ಆ ಹಳೆಯ ವಾಡೆಯ ಮನೆಯನ್ನು ಕೆಡವಿ ಕಂಬಗಳನ್ನು ಮಾರೋಣ ಎಂದು ಮಗ ಎಷ್ಟು ಜಗ್ಗಾಡಿದರೂ ಕೇಳದೆ, ಮುದುಕರು ಹದಿನೈದು ದಿನದ ಹಿಂದಷ್ಟೇ ಹೊಸ ವೈರಿಂಗ್ ಮಾಡಿಸಿದ್ದರು. ಮಾಡಿದವನು ಬೈಲಹೊಂಗಲದ ಕಲ್ಮೇಶ. ಮಧ್ಯಾಹ್ನದೊಳಗೆ ಪೊಲೀಸರು ಅವನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಜೈಲೇ? ಕಲ್ಮೇಶ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದ್ದ.

"ಇವನಽ ನಮ್ಮಪ್ಪನ್ನ ಕೊಂದಾಂವ!" ಎಂದು ಮಗ ಮಹಾದೇವ ನುಗ್ಗಿ ಬಂದ.

ಸವದತ್ತಿಯ ಪೊಲೀಸ್ ಫೌಜದಾರ ಭರಮಪ್ಪ ನಡುವೆ ನಿಂತರು. "ವೈರ್ ಎಲ್ಲೆ ಹಾಕೀದಿ, ಹೇಳೋ ತಮ್ಮಾ."

"ಕಂಬಾ ಕೊರದು ಒಳಗ ಕೂಡ್ಸೇನ್ರಿ ಸಾಹೇಬ್ರ. ಮಣ್ಣಿನ ಗ್ವಾಡಿ ಮೊಳಿ ಹಿಡಿಯಂಗಿಲ್ಲ, ಮಂದಿ ಹುಡುಕಿ ಹುಡುಕಿ ಕಂಬಕ್ಕಽ ಹೊಡೀತಾರ. ಅದಕ್ಕಽ ವೈರಿನ ಮ್ಯಾಲ ಕಬ್ಬಿಣದ ಪಟ್ಟಿ ಬಡದು ಗಾರೆ ಬಳದಿದ್ದೆ. ಮೊಳಿ ದಾಟಾಕ ಸಾಧ್ಯಽ ಇಲ್ರಿ!"

ಫ್ಯೂಸ್ ತೆಗೆಸಿ ಗಾರೆ ಕೆರೆಸಿದರು. ಮೊಳೆ ನೆಟ್ಟಗೆ ವೈರಿಗೇ ಚುಚ್ಚಿಕೊಂಡಿತ್ತು. ಪಟ್ಟಿ — ಇರಲೇ ಇಲ್ಲ!

ಕಲ್ಮೇಶ ಬಗ್ಗಿ ನೋಡಿದ. ಬಡಿದಿದ್ದು ನಿಜವೇ? ಸಂಜೆ ಬಸ್ಸಿನ ಗಡಿಬಿಡಿಯಲ್ಲಿ ಇದೊಂದು ಕಂಬ ಮರೆತೆನೇ? ಹೆದರಿದವನಿಗೆ ತನ್ನ ಕೈಯ ಮೇಲೂ ನಂಬಿಕೆ ಉಳಿಯುವುದಿಲ್ಲ.

"ನೋಡ್ರಿ, ಸುಳ್ಳ!" ಮಹಾದೇವ ಕೂಗಿದ.

"ಮೊಳಿ ಯಾರು ಹೊಡದ್ರು?"

"ಅಪ್ಪನಽ ಹೊಡದಾನ್ರಿ."

ಭರಮಪ್ಪ ಮಹಾದೇವನ ಹೆಂಡತಿ ಶೈಲಜಾಳ ಕಡೆ ತಿರುಗಿದರು. "ನೀ ನೋಡೀಯೇನವಾ?"

"ವೈರಿಂಗ್ ಆದ ಮರುದಿನ ಮಾವಾರು ಹೊಡದಿದ್ರಿ. ಎರಡು ಮೊಳಿ ಸೊಟ್ಟ ಆದವು. 'ಕಂಬಕ್ಕೂ ನನ್ನಂಗ ವಯಸ್ಸಾಗಿ ಹಟಾ ಬಂದೈತಿ' ಅಂತ ನಕ್ಕು ಬಿಟ್ಟಬಿಟ್ರು."

ಸೊಟ್ಟ ಮೊಳೆ ಎಸೆಯುವ ಮನೆ ಆ ಸೀಮೆಯಲ್ಲಿಲ್ಲ. ಬಡಿದು ನೆಟ್ಟಗೆ ಮಾಡಿ ಮತ್ತೆ ಬಳಸುತ್ತಾರೆ. ಶೈಲಜಾ ಡಬ್ಬಿ ತಂದುಕೊಟ್ಟಳು. ಎರಡೂ ಮೊಳೆಗಳ ತುದಿ ಮೊಂಡಾಗಿತ್ತು.

"ಮತ್ತ ಈ ಮೂರನೇದು?"

ಆಕೆ ಗಂಡನ ಕಡೆ ನೋಡಲಿಲ್ಲ. "ನಿನ್ನಿ ಮಾವಾರು ಸವದತ್ತಿಗೆ ಹೋಗಿದ್ರು. ಮನ್ಯಾಗ ಇವರೊಬ್ರಽ ಇದ್ರು. ನಾ ಹಿತ್ತಲದಾಗ ಇದ್ದೆ, ಬಡಿಯೂ ಸಪ್ಪಳ ಕೇಳ್ತು. ಅದಕ್ಕಿಂತ ಸ್ವಲ್ಪ ಮದ್ಲ ಕರೆಂಟ್ ಹೋಗಿ ರೇಡಿಯೋ ಬಂದ್ ಆತು."

"ಊರಾಗೆಲ್ಲಾ ಹೋಗಿತ್ತೇನು?"

"ಇಲ್ರಿ. ಎದುರಿನ ಗಿರಣಿ ನಡದಽ ಇತ್ತು."

ಭರಮಪ್ಪ ಮಹಾದೇವನ ಮುಂದೆ ಹೋಗಿ ನಿಂತರು.

"ಸಾಗವಾನಿ ಮೊಳಿ ತುದಿ ಮೊಂಡ ಮಾಡಂಗಿಲ್ಲ, ಕಬ್ಬಿಣ ಮಾಡತೈತಿ. ಅಂದ್ರ ಅವತ್ತು ಪಟ್ಟಿ ಇತ್ತು. ಆಮ್ಯಾಲ ಕಿತ್ತಾಂವ ಯಾರು? ಗಿರಣಿ ನಡದಿತ್ತಂದ್ರ ಈ ಮನಿ ಫ್ಯೂಸ್ ಅಷ್ಟಽ ತಗದಾರ. ಬರೇ ಮೊಳಿ ಹೊಡಿಯಾಕ ಫ್ಯೂಸ್ ಯಾಕ ತಗೀಬೇಕು? ಅದು ವೈರಿಗೆ ಮುಟ್ಟತೈತಿ ಅಂತ ಗೊತ್ತಿದ್ದಾಂವ ಅಷ್ಟಽ ತಗೀತಾನ. ಪಟ್ಟಿ ಕಿತ್ತಿ, ಮೊಳಿ ಹೊಡದಿ, ಮ್ಯಾಲ ಗಾರೆ ಸವರಿದಿ. ಚೀಲಾನೂ ನೀನಽ ತೂಗಹಾಕಿದಿ. ಒದ್ದಿ ಕೈಲೆ ನಿಮ್ಮಪ್ಪ ಅದನ್ನಽ ಹುಡುಕ್ತಾರಂತ ಗೊತ್ತಿತ್ತು ನಿನಗ. ಹೌದಿಲ್ಲೋ?"

"ಒಳಗ ಪಟ್ಟಿ ಐತಂತ ನನಗ್ಹೆಂಗ ಗೊತ್ತಾಗ್ಬೇಕು?" ಮಹಾದೇವ ಚೀರಿದ.

"ನಾನಽ ಹೇಳಿದ್ದೆರಿ," ಎಂದ ಕಲ್ಮೇಶ. ಮಾತು ತಾನಾಗಿ ಬಾಯಿಂದ ಬಿದ್ದಿತ್ತು.

ಮಹಾದೇವ ತಲೆ ತಗ್ಗಿಸಿದ. ಪೊಲೀಸರು ಅವನನ್ನು ಹೊರಗೆ ಕರೆದೊಯ್ದರು.

"ನೀ ಮನಿಗೆ ಹೋಗಪಾ," ಎಂದರು ಭರಮಪ್ಪ.

ಕಲ್ಮೇಶ ಕಂಬವನ್ನೇ ನೋಡುತ್ತ ನಿಂತ. ಹೋದ ಅಂಜಿಕೆಗಿಂತ ದೊಡ್ಡ ಅಂಜಿಕೆ ಈಗ ಹಿಡಿದಿತ್ತು. ವೈರಿಂಗ್ ಮಾಡಿದ ದಿನ ಮಹಾದೇವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಈ ಪಟ್ಟಿ ಇರದಿದ್ದರೆ ಏನಾಗುತ್ತದೆ ಎಂದು ಕೇಳಿದ್ದ. ಮೊಳೆ ಎಲ್ಲಿ ತಾಕಿದರೆ, ಕೈ ಎಷ್ಟು ಒದ್ದೆಯಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದು ಕಲ್ಮೇಶ ಬಲು ಹೆಮ್ಮೆಯಿಂದ, ಬೆರಳಿಟ್ಟು ತೋರಿಸಿ ಹೇಳಿಕೊಟ್ಟಿದ್ದ.