ತಿರುಪಿನ ಮೇಲಿನ ಕೆಂಪು ಚುಕ್ಕೆ

ನನ್ನ ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. ಅವನು ಹಳೆಯ ವಿಡಿಯೋ ಗೇಮ್ ಯಂತ್ರಗಳ ಡಿಸ್ಕ್ ಡ್ರೈವ್ ರಿಪೇರಿ ಮಾಡುತ್ತಿದ್ದ ಕೋಣೆಯಿಂದ ಮೋಟಾರು ತಿರುಗುವ ಸದ್ದು ಬಂತು. ಎರಡು ಸಲ ಟಕ್ ಎಂದು ನಿಂತಿತು. ಮೂರನೆಯ ಸಲ ನಿಲ್ಲದೆ ತಿರುಗಿತು.

ಆ ಡ್ರೈವ್‌ಗೆ ಅವನು ಹೊಸ ಬೆಲ್ಟ್ ಹಾಕಿದ್ದ. ಡಿಸ್ಕನ್ನು ಸರಿಯಾದ ಜಾಗಕ್ಕೆ ಕೂರಿಸುವ ತಿರುಪು ಹೊಂದಿಸುವುದು ಮಾತ್ರ ಬಾಕಿ ಉಳಿದಿತ್ತು. "ಇದೊಂದು ಮುಗಿಸಿಬಿಡ್ತೀನಿ ಕಣೇ," ಎಂದು ಆಸ್ಪತ್ರೆಯಲ್ಲೂ ಅದೇ ಜಪ. ಹೊಂದಿದ ಮೇಲೆ ತಿರುಪು ಅಲುಗದಂತೆ ನನ್ನ ಉಗುರುಬಣ್ಣದ ಒಂದು ಚುಕ್ಕೆ ಇಡುತ್ತಿದ್ದ. "ನಿನಗಿಂತ ಅವನಿಗೇ ಜಾಸ್ತಿ ಬೇಕಲ್ಲೇ ಈ ಬಣ್ಣ!" ಎಂದು ಅತ್ತೆ ನಗುತ್ತಿದ್ದರು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಡ್ರೈವ್ ತಿರುಗುತ್ತಲೇ ಇತ್ತು. ತಿರುಪಿನ ಮೇಲೆ ಕೆಂಪು ಚುಕ್ಕೆಯಿತ್ತು. ಮುಟ್ಟಿದೆ, ಬೆರಳಿಗೆ ಅಂಟಿತು. ನನ್ನ ಬಾಟಲಿ ಕಪಾಟಿನಲ್ಲೇ ಇತ್ತು; ಅದರೊಳಗಿನ ಬಣ್ಣ ಒಣಗಿ ಕಲ್ಲಾಗಿತ್ತು. ಹೆದರಬೇಕಿತ್ತು, ಹೆದರಿಕೆಯಾಗಲಿಲ್ಲ. ಅವನ ಕೆಲಸ ಮುಗಿದಿತ್ತು. ಎಷ್ಟೋ ದಿನಗಳ ನಂತರ ಒಂದು ಲೋಟ ಹಾಲನ್ನು ಪೂರ್ತಿ ಕುಡಿದೆ.

ಡ್ರೈವ್ ಪಕ್ಕದಲ್ಲಿದ್ದ ಸಣ್ಣ ಸ್ಕ್ರೂಡ್ರೈವರ್ ಬೀದಿಯ ಕೊನೆಯಲ್ಲಿರುವ ಗಡಿಯಾರ ರಿಪೇರಿಯವರದು. ಈ ಕೆಲಸಕ್ಕೆಂದೇ ಅವನು ಕೇಳಿ ತಂದಿದ್ದ. ಅದನ್ನು ಬಟ್ಟೆಯಲ್ಲಿ ಸುತ್ತಿ, ಚೀಲದೊಳಗಿಟ್ಟು, ಕೊಟ್ಟು ಬರಲು ಹೋದೆ.

"ಅವಸರ ಏನಿತ್ತಮ್ಮ," ಎನ್ನುತ್ತ ಅವರು ಬಟ್ಟೆ ಬಿಚ್ಚಿ, ಅದರ ಹಿಡಿಯನ್ನು ಬೆರಳುಗಳ ನಡುವೆ ಹಿಡಿದು ನೋಡಿದರು. "ಬೆಚ್ಚಗಿದೆ. ದಾರಿಯುದ್ದಕ್ಕೂ ಕೈಯಲ್ಲೇ ಹಿಡ್ಕೊಂಡು ಬಂದ್ರಾ?"

ನಾನು ಹೂಂ ಎಂದೆ.